ಅಮಾವಾಸ್ಯೆಯ ಮರುದಿನ ಕೆಡುವ ಬ್ಯಾಟರಿ

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ದಢೇಸುಗೂರಿನ ಕಡೆ ಕಾಲುವೆಯ ಗೇಟು ಕಾಯ್ದವನು. ಹಾಗಾಗಿ ಮನೆಯಲ್ಲಿ ಏನೇ ಕಡಿಮೆಯಾಗಲಿ, ಡಬ್ಬಿಯಲ್ಲಿ ಸಕ್ಕರೆ, ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ, ಕೊನೆಗೆ ನನ್ನ ತಲೆಯಲ್ಲಿ ಕೂದಲು, ನನಗೆ ಬರುವ ಅನುಮಾನ ಒಂದೇ: ಮೇಲೆ ಯಾರೋ ಕದಿಯುತ್ತಿದ್ದಾರೆ. ಕಾಲುವೆಯಲ್ಲಿ ಅದು ಬಹಳ ಸಲ ನಿಜವೂ ಆಗುತ್ತಿತ್ತು. ಮೇಲಿನವನು ದಂಡೆಯ ಕೆಳಗೆ ಪೈಪು ತೂರಿಸಿ ನೀರು ಎಳೆದರೆ ಕೊನೆಯವನ ಗದ್ದೆ ಬಿರುಕು ಬಿಡುತ್ತದೆ. ಆ ಕಳ್ಳ ಪೈಪುಗಳನ್ನು ಹುಡುಕುವುದರಲ್ಲಿ ನನ್ನ ಕಣ್ಣು ಪಳಗಿತ್ತು. ನಿವೃತ್ತಿಯಾಗಿ ನೌಕರಿ ಹೋಯಿತು, ಆ ಚಟ ಹೋಗಲಿಲ್ಲ.

ನಿವೃತ್ತಿಯ ವರ್ಷವೇ ಒಂದು ಹಳೆಯ ಮಿನಿಬಸ್ಸು ಕೊಂಡೆ. ಮದುವೆ ಮಂದಿಯನ್ನು ಹೊತ್ತು ಹೊತ್ತು ಸೊಂಟ ಬಿದ್ದ ಗಾಡಿ. ನಾವಿರುವ ಸಿಂಧನೂರಿನಲ್ಲೇ ಅದರ ಸೀಟು ಕೀಳಿಸಿ ಮಂಚ, ಒಲೆ, ಪುಟ್ಟ ಫ್ರಿಜ್ಜು, ಫ್ಯಾನು ಕೂರಿಸಿದೆ. ಛಾವಣಿಯ ಮೇಲೆ ಸೋಲಾರು ಹಾಕಿಸಿದೆ. ‘ಮನಿಗಾಡಿ’ ಅಂತ ಹೆಸರಿಟ್ಟೆ. ಮೊದಲ ಸಲ ಮಸ್ಕಿಯ ಬಸ್ ನಿಲ್ದಾಣದ ಹತ್ತಿರ ನಿಲ್ಲಿಸಿದಾಗ ಒಬ್ಬ ಹಿರಿಯರು ಕಿಟಕಿಗೆ ಬಂದು, “ಒಂದ್ ಪ್ಲೇಟ್ ಮಂಡಕ್ಕಿ ಒಗ್ಗರಣಿ, ಎರಡ್ ಮಿರ್ಚಿ ಬಿಸೀವು ಕೊಡಪಾ” ಅಂದರು. ಇದು ಹೋಟೆಲಲ್ಲ, ನಮ್ಮ ಮನೆ ಅಂದೆ.

“ಮನ್ಯಾಗ ಒಗ್ಗರಣಿ ಮಾಡೂದಿಲ್ಲೇನು?” ಅಂದರು ಅವರು.

ನನ್ನ ಹೆಂಡತಿ ನಕ್ಕು ನಕ್ಕು ಮಾಡಿಕೊಟ್ಟಳು. ಅವರು ನಿಂತೇ ತಿಂದು, “ಉಪ್ಪು ಒಂಚೂರು ಕಡಿಮಿ ಐತಿ” ಅಂತ ಹೇಳಿ ಹೋದರು. ನನಗೆ ಮೈಯೆಲ್ಲ ಉರಿದುಹೋಯಿತು.

ಗಾಡಿ ನನ್ನ ಹುಚ್ಚು ಅಂತ ಊರೆಲ್ಲ ಆಡಿಕೊಂಡಿತು. ಅರ್ಧ ನಿಜ. ಇನ್ನರ್ಧ ಕಾರಣ ಲಿಂಗಸುಗೂರಿನಲ್ಲಿ ಒಂದು ಕುರ್ಚಿಯ ಮೇಲೆ ಕುಳಿತಿತ್ತು. ಅದು ನನ್ನ ಹೆಂಡತಿಯ ಅಕ್ಕ. ತಾಯಿ ಬೇಗ ತೀರಿಕೊಂಡಿದ್ದರಿಂದ ನನ್ನ ಹೆಂಡತಿಯನ್ನು ಎತ್ತಿ ಆಡಿಸಿ ಬೆಳೆಸಿದವರು ಅವರೇ. ಆ ಹಕ್ಕಿನಿಂದಲೇ ನನ್ನನ್ನು ‘ಅಳಿಯಾರ’ ಅಂತ ಕರೆಯುತ್ತಾರೆ, ಆ ಹಕ್ಕಿನಿಂದಲೇ ಬೈಯುತ್ತಾರೆ. ಅವರಿಗೆ ದಮ್ಮು. ಔಷಧಿಯನ್ನು ಹೊಗೆಯಂತೆ ಮಾಡಿ ಮೂಗಿಗೆ ಊದುವ ಒಂದು ಮಷೀನಿದೆ. ದಿನಕ್ಕೆ ಮೂರು ನಾಲ್ಕು ಸಲ ಅದನ್ನು ಹಚ್ಚಿಕೊಳ್ಳಬೇಕು, ಅದಕ್ಕೆ ಕರೆಂಟು ಬೇಕು. ನಾಲ್ಕು ವರ್ಷದಿಂದ ಅಕ್ಕ ಆ ಕುರ್ಚಿ ಬಿಟ್ಟು ಕದಲಿರಲಿಲ್ಲ. ಯಾರು ಎಲ್ಲಿಗೆ ಕರೆದರೂ ಒಂದೇ ಮಾತು: “ಪ್ಲಗ್ ಎಲ್ಲೈತಿ, ಅಲ್ಲೇ ನಮ್ಮೂರು. ನೀವ್ ಹೋಗಿ ಬರ್ರಿ.”

ಅವರು ನಿಜವಾಗಿ ಹೋಗಬೇಕಾಗಿದ್ದ ಜಾಗ ಒಂದೇ, ಮಸ್ಕಿಯ ಆಚೆ ಇರುವ ತವರಿನ ಜೋಳದ ಹೊಲ. ಎಳ್ಳಮಾವಾಸ್ಯೆಯ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಅಡುಗೆಯನ್ನು ಬೆಳೆಯ ನಡುವೆ ಎಡೆಯಾಗಿ ಚೆಲ್ಲಿ ಭೂಮಿತಾಯಿಗೆ ಉಣಿಸುತ್ತೇವಲ್ಲ, ಆ ಚರಗ ಚೆಲ್ಲುವಾಗ ಒಬ್ಬರು ಕೂಗಬೇಕು. ಅಕ್ಕ ಕೂಗಿದರೆ ಮೂರನೆಯ ಹೊಲದ ಗಿಳಿಗಳು ಎದ್ದು ಹಾರುತ್ತಿದ್ದವು. ಮದುವೆಯಾದ ಹೊಸದರಲ್ಲಿ ಆ ಕೂಗು ಕೇಳಿ ನಾನೂ ಹಾರಿದ್ದೆ. ನಾಲ್ಕು ವರ್ಷದಿಂದ ಆ ಹೊಲದಲ್ಲಿ ಚರಗ ಚೆಲ್ಲುತ್ತಿದ್ದವಳು ನನ್ನ ಹೆಂಡತಿ. ಅವಳ ಕೂಗಿಗೆ ಒಂದು ನೊಣವೂ ಏಳಲಿಲ್ಲ. ಆ ಹೊಲದಲ್ಲಿ ಬೋರಿಲ್ಲ, ಕರೆಂಟಿನ ಕಂಬವಿಲ್ಲ, ಅಂದಮೇಲೆ ಪ್ಲಗ್ ಎಲ್ಲಿಂದ ಬರಬೇಕು? ನಾನು ಮೀಸೆ ತಿರುವಿ ಹೇಳಿದೆ, ಪ್ಲಗ್ ಅನ್ನೇ ಹೊಲಕ್ಕೆ ಒಯ್ಯುತ್ತೇನೆ.

ಹೇಳುವುದು ಸುಲಭ. ಮನಿಗಾಡಿಗೆ ಎರಡು ಬ್ಯಾಟರಿ. ಒಂದು ಎಂಜಿನ್ನಿಗೆ, ಇನ್ನೊಂದು ಮನೆಗೆ. ಅವುಗಳನ್ನು ಕೂರಿಸಿದ ಸಿಂಧನೂರಿನ ಬ್ಯಾಟರಿ ಮಿಸ್ತ್ರಿ, ಬಿಳಿ ಗಡ್ಡದ, ತುಂಬ ಮರ್ಯಾದೆಯ ಮನುಷ್ಯ, ನನಗೆ ಬಿಡಿಸಿ ಹೇಳಿದ್ದ: “ಒಂದು ಎತ್ತು, ಒಂದು ಎಮ್ಮಿ ಅಂತ ತಿಳ್ಕೋರಿ ಸಾಹೇಬ್ರ. ಎತ್ತು ಗಾಡಿ ಎಳೀತೈತಿ, ಎಮ್ಮಿ ಹಾಲು ಕೊಡ್ತೈತಿ. ಒಂದರ ಕೆಲಸ ಇನ್ನೊಂದಕ್ಕ ಹಚ್ಚಬ್ಯಾಡ್ರಿ.” ಎಮ್ಮೆ ಬ್ಯಾಟರಿ ಮಂಚದ ಕೆಳಗಿತ್ತು. ಬಿಸಿಲು ಸೋಲಾರಿನಿಂದ ಇಳಿದು ಅದರಲ್ಲಿ ತುಂಬುತ್ತಿತ್ತು. ಪಕ್ಕದಲ್ಲಿ ಒಂದು ಡಬ್ಬಿ, ಇನ್ವರ್ಟರು, ಬ್ಯಾಟರಿಯ ಕರೆಂಟನ್ನು ಮನೆಯ ಕರೆಂಟು ಮಾಡುತ್ತಿತ್ತು.

ನಮ್ಮಲ್ಲಿ ಅಮಾವಾಸ್ಯೆ ಬಂತೆಂದರೆ ಗಾಡಿಗಳಿಗೆ ಪೂಜೆ. ಗಾಲಿಗೆ ನೀರು, ಬಂಪರಿಗೆ ನಿಂಬೆಹಣ್ಣು, ಮುಂದೊಂದು ಕಾಯಿ. ಎಲ್ಲರೂ ಅಷ್ಟಕ್ಕೇ ಮುಗಿಸುತ್ತಾರೆ. ನಾನು ಹಾಗೆ ಕೈ ತೊಳೆದುಕೊಳ್ಳುವವನಲ್ಲ. ಎಮ್ಮೆ ಬ್ಯಾಟರಿಯ ಮೈ ಒರೆಸಿ, ಅದರ ತಲೆಯ ಮೇಲಿನ ಎರಡು ಸೀಸದ ಗೂಟಗಳಿಗೆ ವಿಭೂತಿ ಹಚ್ಚುತ್ತಿದ್ದೆ. ಮೊದಲ ತಿಂಗಳು ಗೂಟಕ್ಕೆ ಬಿಗಿದ ತಂತಿಯ ಕ್ಲಾಂಪಿನ ಮೇಲೆಯೇ ಹಚ್ಚಿದೆ. ಮನಸ್ಸು ಒಪ್ಪಲಿಲ್ಲ. ವಿಭೂತಿಯನ್ನು ಮೈಗೆ ಹಚ್ಚುತ್ತಾರೋ, ಅಂಗಿಯ ಮೇಲೆ ಹಚ್ಚುತ್ತಾರೋ? ಮುಂದಿನ ತಿಂಗಳಿಂದ ನಟ್ಟು ಬಿಚ್ಚುವ ಹತ್ತನೆಯ ನಂಬರಿನ ಪಾನಾ ಹಿಡಿದು ಕ್ಲಾಂಪು ಬಿಚ್ಚಿ, ಗೂಟದ ಬರಿಮೈಗೆ ನೀರಲ್ಲಿ ಕಲಸಿದ ವಿಭೂತಿಯನ್ನು ದಪ್ಪಗೆ ಬಳಿದು, ಒಣಗಿಸಿ, ಮತ್ತೆ ಕ್ಲಾಂಪು ಹಾಕಿ ಬಿಗಿ ಮಾಡತೊಡಗಿದೆ. ಎಂಜಿನ್ನಿನ ಬ್ಯಾಟರಿಗೆ ಈ ಭಾಗ್ಯವಿರಲಿಲ್ಲ. ಅದು ಡ್ರೈವರ್ ಸೀಟಿನ ಕೆಳಗೆ ಕೈ ಹೋಗದ ಕಡೆ ಇತ್ತು. ಅದಕ್ಕೆ ದೂರದಿಂದಲೇ ಊದಿನಕಡ್ಡಿ ತೋರಿಸುತ್ತಿದ್ದೆ.

ಆ ತಿಂಗಳ ಪೂಜೆಯ ಮರುದಿನ ಹೆಂಡತಿ ಗಾಡಿಯಲ್ಲಿ ಶೇಂಗಾ ಚಟ್ನಿಗೆಂದು ಮಿಕ್ಸಿ ಹಚ್ಚಿದಳು. ಗುರ್ರ್ ಅಂದಿತು, ಇನ್ವರ್ಟರು ಕೀಂ ಅಂತ ಕಿರುಚಿತು, ಎಲ್ಲ ಬಂದ್. ದೀಪ ಹಚ್ಚಿದರೆ ಉರಿಯುತ್ತದೆ, ಮೊಬೈಲು ಚಾರ್ಜ್ ಆಗುತ್ತದೆ, ಮಿಕ್ಸಿ ಹಚ್ಚಿದರೆ ಕೀಂ. ಮೀಟರು ಇಟ್ಟು ನೋಡಿದೆ, ಬ್ಯಾಟರಿ ತುಂಬಿದೆ ಅಂತ ತೋರಿಸಿತು. ನನ್ನ ಮೂಗಿಗೆ ಕಳ್ಳನ ವಾಸನೆ ಬಡಿಯಿತು.

“ಯಾರೋ ಮ್ಯಾಲೆ ಎಳ್ಯಾಕತ್ತಾರ” ಅಂದೆ.

“ಮ್ಯಾಲೆ ಯಾರದಾರ್ರಿ? ಛತ್ತಿನ ಮ್ಯಾಲೆ ಕಾಗಿ ಕುಂತೈತಿ” ಅಂದಳು ಹೆಂಡತಿ.

ಅವತ್ತಿನಿಂದ ನನ್ನ ತನಿಖೆ ಶುರು. ಫ್ರಿಜ್ಜಿನೊಳಗಿನ ದೀಪ ಬಾಗಿಲು ಮುಚ್ಚಿದ ಮೇಲೂ ಉರಿಯುತ್ತದೆಯೋ ಅಂತ ಒಳಗೆ ಮೊಬೈಲು ಇಟ್ಟು ವಿಡಿಯೋ ಮಾಡಿದೆ. ದೀಪ ಆರಿತ್ತು, ಮೊಬೈಲು ತಣ್ಣಗಾಗಿ ಮೂಕವಾಯಿತು. ಸೋಲಾರಿನ ಮೇಲೆ ರೈಸ್‌ಮಿಲ್ಲುಗಳ ಹೊಟ್ಟಿನ ಬೂದಿ ಕೂತಿರಬೇಕು ಅಂತ ಪೊರಕೆ ಹಿಡಿದು ಛಾವಣಿ ಹತ್ತಿದೆ. ಇಳಿಯಲು ಬರದೆ ಒಂದು ಗಂಟೆ ಅಲ್ಲೇ ಕುಳಿತೆ. ಕೊನೆಗೆ ಗೋಡೆ ಗಡಿಯಾರವನ್ನೂ ಇಳಿಸಿದೆ.

“ಅದಕ್ಕ ಅದರದ ಸೆಲ್ ಐತ್ರೀ, ಪುಣ್ಯಾತ್ಮರ” ಅಂದಳು ಹೆಂಡತಿ.

“ಸೆಲ್ ಇದ್ರೇನಾತು? ಈಗಿನ ಕಾಲದಾಗ ಯಾರನ್ನ ನಂಬೂದು?” ಅಂದೆ.

ಏನೂ ಸಿಗದೆ ಗಾಡಿಯನ್ನು ಮಿಸ್ತ್ರಿಯ ಅಂಗಡಿಗೆ ಒಯ್ದೆ. ಆತ ನನಗೆ ಚಹಾ ತರಿಸಿ ಹೊರಗೆ ಕೂರಿಸಿ, ಒಳಗೆ ಹೋಗಿ ಹತ್ತು ನಿಮಿಷ ಏನೋ ಮಾಡಿ ಬಂದ. “ತಂದುರುಸ್ತ್ ಐತ್ರಿ ಸಾಹೇಬ್ರ” ಅಂದ. ಮಿಕ್ಸಿ ಗರಗರ ತಿರುಗಿತು. ಏನಾಗಿತ್ತು ಅಂತ ಕೇಳಿದರೆ, “ಸ್ವಲ್ಪ ಸಫಾ ಮಾಡೀನ್ರಿ” ಅಂದು ಬೇರೆ ಕಡೆ ನೋಡಿದ. ಒಂದು ತಿಂಗಳು ಎಲ್ಲ ಚೆನ್ನಾಗಿತ್ತು. ಮತ್ತೆ ಅಮಾವಾಸ್ಯೆ, ಮತ್ತೆ ಪೂಜೆ, ಮರುದಿನ ಮತ್ತೆ ಕೀಂ. ಹೀಗೇ ಐದು ತಿಂಗಳು ನಡೆಯಿತು. ಪ್ರತಿ ಸಲವೂ ನಾನು ಹೊಸ ಕಳ್ಳನನ್ನು ಹಿಡಿಯುತ್ತಿದ್ದೆ, ಪ್ರತಿ ಸಲವೂ ಮಿಸ್ತ್ರಿ ಚಹಾ ಕುಡಿಸುತ್ತಿದ್ದ. ಅಮಾವಾಸ್ಯೆಗೂ ಬ್ಯಾಟರಿಗೂ ನಂಟಿರಬಹುದು ಅಂತ ನನಗೂ ಹೊಳೆದಿತ್ತು, ಸುಳ್ಳು ಹೇಳುವುದಿಲ್ಲ. ಅದಕ್ಕೆ ಯಾರದೋ ದೃಷ್ಟಿ ತಾಗಿದೆ ಅಂತ ತೀರ್ಮಾನಿಸಿ ವಿಭೂತಿಯನ್ನು ಇನ್ನಷ್ಟು ದಪ್ಪ ಮಾಡಿದೆ.

ಎಳ್ಳಮಾವಾಸ್ಯೆ ಹತ್ತಿರ ಬಂತು. ಅಕ್ಕನನ್ನು ಒಪ್ಪಿಸಲು ನನ್ನ ಹೆಂಡತಿ ಫೋನಿನಲ್ಲಿ ಅತ್ತಳು, ಸಿಟ್ಟಾದಳು, ಊಟ ಬಿಡುತ್ತೇನೆ ಅಂದಳು. ಅಕ್ಕ ಕೊನೆಗೆ, “ಆತು, ಬರ್ತೀನಿ. ನಿನ್ನ ಗಂಡನ ಡಬ್ಬಿ ಬಂದ್ ಆತಂದ್ರ ಮಾತ್ರ ಇನ್ನೊಮ್ಮಿ ಕರೀಬ್ಯಾಡ” ಅಂದರು. ಅವರು ಹೇಳಿದ್ದನ್ನು ಹೇಳಿದಂತೆ ಮಾಡುವವರು. ಫೋನ್ ಇಟ್ಟ ಮೇಲೆ ಹೆಂಡತಿ ನನ್ನತ್ತ ತಿರುಗಿ, “ನೋಡ್ರಿ, ಇದೊಂದ ಸಲ. ಮಷೀನು ನಡೀಲಿಲ್ಲಂದ್ರ ನಮ್ಮಕ್ಕ ಸಾಯೂತನಾ ಆ ಕುರ್ಚಿ ಬಿಟ್ಟು ಏಳೂದಿಲ್ಲ” ಅಂದಳು.

ಹಿಂದಿನ ದಿನವೇ ಗಾಡಿಯನ್ನು ಮಿಸ್ತ್ರಿಗೆ ತೋರಿಸಿದೆ. ಆತ ಮಿಕ್ಸಿ, ಫ್ಯಾನು ಎರಡನ್ನೂ ಒಟ್ಟಿಗೆ ಹಚ್ಚಿ ಓಡಿಸಿ ತೋರಿಸಿದ. ಹೊರಡುವಾಗ ಕೈಕೈ ಹಿಸುಕಿಕೊಂಡು, “ಸಾಹೇಬ್ರ, ನಾಳಿ ಮಾತ್ರ ಬ್ಯಾಟರಿ ಮುಟ್ಟಬ್ಯಾಡ್ರಿ” ಅಂದ. ನಾನು ಮನೆಗೆ ಬಂದು ಹೆಂಡತಿಗೆ, “ಕೇಳಿಲ್ಲಿ, ನಾಳಿ ಬ್ಯಾಟರಿ ಮುಟ್ಟಬ್ಯಾಡ ಅಂದಾನ” ಅಂತ ಗದರಿಸಿದೆ.

ಮರುದಿನ ಬೆಳಿಗ್ಗೆ ಜಳಕ ಮಾಡಿ, ಮಡಿಯುಟ್ಟು, ಹತ್ತರ ಪಾನಾ ಹಿಡಿದು ಮಂಚದ ಕೆಳಗೆ ತಲೆ ಹಾಕಿದೆ. ಪೂಜೆ ಬೇರೆ, ಮುಟ್ಟುವುದು ಬೇರೆ ಅಂತ ನನ್ನ ಲೆಕ್ಕ. ವರ್ಷದ ದೊಡ್ಡ ಅಮಾವಾಸ್ಯೆ ಅಂತ ವಿಭೂತಿಯನ್ನು ಎರಡು ಸಲ ಬಳಿದೆ.

ಲಿಂಗಸುಗೂರಿನಲ್ಲಿ ಅಕ್ಕ ಬೆಳಗಿನ ಮಷೀನು ಮುಗಿಸಿ ತಯಾರಾಗಿ ಕುಳಿತಿದ್ದರು. ಮಡಿಲಲ್ಲಿ ಮಷೀನು, ಅದರ ಮೇಲೆ ಮನೆಯ ಸ್ವಿಚ್ ಬೋರ್ಡು, ಐದು ಮೊಳದ ವೈರಿನ ಸಮೇತ.

“ಅಕ್ಕಾರ, ಗಾಡ್ಯಾಗ ಪ್ಲಗ್ ಐತ್ರಿ” ಅಂದೆ.

“ಇರ್ಲಿ ಅಳಿಯಾರ. ನಿಮ್ಮ ಮ್ಯಾಲೆ ಭರವಸಿ ಐತಿ. ನಿಮ್ಮ ಪ್ಲಗ್ ಮ್ಯಾಲೆ ಇಲ್ಲ” ಅಂದರು.

ಹೊಲಕ್ಕೆ ಬರುವಷ್ಟರಲ್ಲಿ ಬಿಸಿಲು ಏರಿತ್ತು. ಜೋಳ ಎದೆಮಟ್ಟ ನಿಂತಿತ್ತು. ಅಕ್ಕ ಗಾಡಿಯಿಂದ ಇಳಿದು, ಚಪ್ಪಲಿ ಕಳಚಿ, ಕರಿಮಣ್ಣಿನ ಮೇಲೆ ಬರಿಗಾಲಿಟ್ಟರು. ಒಂದು ಜೋಳದ ಗರಿಯನ್ನು ಹಿಡಿದು, “ಆರಾಮ ಇದ್ದಿಯೇನ ಯವ್ವಾ” ಅಂದರು. ಅದನ್ನು ಕೇಳಿ ನನ್ನ ಹೆಂಡತಿ ಸೆರಗು ಕಣ್ಣಿಗೆ ಒತ್ತಿಕೊಂಡು ಬುತ್ತಿ ಬಿಚ್ಚತೊಡಗಿದಳು. ಸಜ್ಜಿ ಕಡಬು, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಐದು ಕಲ್ಲಿಟ್ಟು ಪೂಜೆ ಮಾಡಿದೆವು. ಊದಿನಕಡ್ಡಿಯ ಹೊಗೆಗೋ, ಹೊಲದ ಧೂಳಿಗೋ, ಅಕ್ಕನಿಗೆ ಕೆಮ್ಮು ಹತ್ತಿತು. ಎದೆ ಸುಂಯ್ ಅನ್ನತೊಡಗಿತು.

ಗಾಡಿಯ ಮಂಚದ ಮೇಲೆ ಕೂರಿಸಿ ಮಷೀನು ಹಚ್ಚಿದೆವು. ಗುರ್ರ್... ಕೀಂ.

ಮತ್ತೊಮ್ಮೆ ಹಚ್ಚಿದೆ. ಕೀಂ. ಇನ್ನೊಮ್ಮೆ. ಕೀಂ. ಆ ಡಬ್ಬಿಯನ್ನು ಹೊತ್ತು ಹೊಲದಲ್ಲಿ ಹೂಳಿಬಿಡಬೇಕು ಅನ್ನಿಸಿತು. “ಫ್ರಿಜ್ ಹಚ್ಚಿದವರ್ಯಾರು? ಯಾರ ಮೊಬೈಲ್ ಅದು ಚಾರ್ಜಿಗೆ?” ಅಂತ ಚೀರಿದೆ. ಮೊಬೈಲು ನನ್ನದೇ ಆಗಿತ್ತು.

ಅಕ್ಕನ ಹತ್ತಿರ ಒಂದು ಕೈಪಂಪು ಇತ್ತು. ಬಾಯಿಗೆ ಒತ್ತಿಕೊಂಡರೆ ಸ್ವಲ್ಪ ಹೊತ್ತು ನಡೆಯುತ್ತದೆ, ಅಷ್ಟರೊಳಗೆ ಮಸ್ಕಿಗೆ ಹೋಗಿ ಮುಟ್ಟಬಹುದು. ಜೀವಕ್ಕೆ ಭಯವಿರಲಿಲ್ಲ. ಅಕ್ಕ ಪಂಪು ಒತ್ತಿಕೊಂಡರು, ನನ್ನನ್ನು ಬೈಯಲಿಲ್ಲ. ಅದೇ ನನಗೆ ತಡೆಯದಾಯಿತು. ತಂಗಿಯ ಕೈ ಹಿಡಿದು ಮೆಲ್ಲಗೆ, “ನಡೀರಿ, ಮನಿಗೆ ಹೋಗೂಣು” ಅಂದರು. ಚರಗದ ಬುಟ್ಟಿ ತುಂಬಿಕೊಂಡು ಹೊರಗೆ ಜೋಳದ ಸಾಲಿನ ಮುಂದೆ ಹಾಗೇ ಇತ್ತು.

ನಾನು ಮಿಸ್ತ್ರಿಗೆ ಫೋನ್ ಹಚ್ಚಿದೆ. ಬೈಯಲು ಬಾಯಿ ತೆರೆದವನಿಗೆ ದನಿ ಅಳುವಂತೆ ಬಂತು. ಎಲ್ಲ ಹೇಳಿದೆ. ಆತ ಕೇಳಿದ:

“ಸಾಹೇಬ್ರ, ಇವತ್ತ ಅಮಾಸಿ ಅಲ್ರಿ? ಪೂಜಾ ಮಾಡಿರೇನ್ರಿ?”

“ಮಾಡದ ಬಿಡ್ತೀನೇನು? ಎರಡ್ ಸಲ ಮಾಡೀನಿ!”

“ಯಾ ಅಲ್ಲಾ” ಅಂದ ಮಿಸ್ತ್ರಿ. “ನೀವು ಕಾಲುವಿ ಮಂದಿ, ನಿಮಗ ನಾ ಏನ್ ಹೇಳ್ಲಿ. ಯಾರೂ ಹೊಲಕ್ಕ ನೀರ ಕಟ್ಟದಿದ್ರ ಕಾಲುವಿ ತುಂಬಿದಂಗ ಕಾಣ್ತೈತಿ. ಕಟ್ಟಿದ ಕೂಡ್ಲೇ ಸರ್ ಅಂತ ಇಳದ್ರ ಏನಂತಾರ್ರಿ?”

“ತೂಬಿನ ಬಾಯಾಗ ಹೂಳು ತುಂಬೈತಿ ಅಂತಾರ” ಅಂದೆ. ಮೂವತ್ತು ವರ್ಷ ನಾನೇ ಹೊಸಬರಿಗೆ ಹೇಳಿಕೊಟ್ಟ ಪಾಠ. ಹೇಳಿದ ಮೇಲೆ ನನ್ನ ಕಣ್ಣು ಮಂಚದ ಕೆಳಗೆ ಹೋಯಿತು.

“ಅದ ಹೂಳು ರೀ. ಬೂದಿಯೊಳಗ ಕರೆಂಟ್ ಹರಿಯೂದಿಲ್ರಿ. ದೀಪಕ್ಕ ಸಣ್ಣ ಧಾರಿ ಸಾಕು, ಮಷೀನಿಗೆ ಸಾಲೂದಿಲ್ಲ. ಒರಸ್ರಿ ಸಾಹೇಬ್ರ.”

“ಮತ್ತ ಐದು ತಿಂಗಳು ಯಾಕ ಹೇಳ್ಲಿಲ್ಲೋ ಮಾರಾಯಾ?”

“ನಿಮ್ಮ ದೇವ್ರ ವಿಷಯ. ನಾ ಹೆಂಗ ಹೇಳ್ಲಿ? ಪ್ರತಿ ಸಲ ಕಿವಿ ಹಿಡ್ಕೊಂಡು ಮಾಫಿ ಕೇಳಿ ಒರಸೀನಿ. ಒರಸಿದ್ದನ್ನ ಗಟಾರಕ್ಕ ಹಾಕಿಲ್ರಿ, ಬ್ಯಾವಿನ ಗಿಡದ ಬುಡಕ್ಕ ಹಾಕೀನಿ. ಅಮಾಸಿ ಮರುದಿನ ಬರ್ತೀರಂತ ಪಾಲಿಶ್ ಪೇಪರ್ ಮೊದಲ ತಗದಿಟ್ಟಿರ್ತೀನಿ.”

ಫೋನ್ ಕಿಸೆಗೆ ಹಾಕಿ ಹತ್ತರ ಪಾನಾ ಹಿಡಿದು ಮಂಚದ ಕೆಳಗೆ ಬಿದ್ದೆ. ನನ್ನ ತಲೆಯ ಮೇಲೇ ಅಕ್ಕ ಕುಳಿತು ಸುಂಯ್ ಸುಂಯ್ ಅನ್ನುತ್ತಿದ್ದರು. ಇನ್ವರ್ಟರು ಆರಿಸಿ ಕ್ಲಾಂಪು ಬಿಚ್ಚಿದೆ. ವಿಭೂತಿ ಗೋಡೆಯ ಸುಣ್ಣದಂತೆ ಗಟ್ಟಿಯಾಗಿ ಕೂತಿತ್ತು. ಒದ್ದೆ ಪಂಚೆಯ ತುದಿಯಿಂದ ತಿಕ್ಕಿದೆ, ಪೂರ್ತಿ ಬಿಡಲಿಲ್ಲ. ಹೊಲದಲ್ಲಿ ಪಾಲಿಶ್ ಪೇಪರ್ ಎಲ್ಲಿಂದ ತರಲಿ? ಹೆಂಡತಿ ಪೂಜೆಯ ಬುಟ್ಟಿಯಿಂದ ಕಡ್ಡಿಪೆಟ್ಟಿಗೆ ತೆಗೆದು ಕಡ್ಡಿಗಳನ್ನು ಸುರುವಿ, ಖಾಲಿ ಪೆಟ್ಟಿಗೆ ಕೆಳಗೆ ಚಾಚಿದಳು. “ಇದರ ಕಡ್ಡಿ ಗೀರೂ ಬದಿಯಿಂದ ತಿಕ್ರಿ.” ಗೂಟ ಒಣಗಿಸಿ ತಿಕ್ಕಿದೆ. ಶಿವಾ, ತಪ್ಪಾತು, ಶಿವಾ, ತಪ್ಪಾತು ಅನ್ನುತ್ತ ತಿಕ್ಕಿದೆ. ಸೀಸ ಹೊಳೆಯತೊಡಗಿತು. ಕ್ಲಾಂಪಿನ ಒಳಮೈಯನ್ನೂ ತಿಕ್ಕಿ ಬಿಗಿ ಮಾಡಿದೆ.

“ಹಚ್ಚು” ಅಂದೆ.

ಗುರ್ರ್ರ್ರ್ರ್. ನಾನು ಕೀಂ ಅನ್ನುವುದನ್ನು ಕಾಯುತ್ತ ಕಣ್ಣು ಮುಚ್ಚಿಕೊಂಡೇ ಮಲಗಿದ್ದೆ. ಕೀಂ ಅನ್ನಲಿಲ್ಲ. ಮಷೀನು ಗುರುಗುಟ್ಟುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಮೇಲಿನ ಸುಂಯ್ ಸುಂಯ್ ಕಡಿಮೆಯಾಗಿ, ಉದ್ದನೆಯ ಉಸಿರು ಕೇಳಿಸಿತು. ನಾನು ಅಲ್ಲೇ ಮಂಚದ ಕೆಳಗೆ ಅತ್ತೆ. ಹೊರಗೆ ಬಂದಾಗ ಮುಖ ಒರೆಸಿಕೊಂಡು ಬೆವರು ಅಂದೆ. ಯಾರೂ ನಂಬಲಿಲ್ಲ.

ಎಲ್ಲವನ್ನೂ ಹೆಂಡತಿ ಅಕ್ಕನಿಗೆ ವರದಿ ಒಪ್ಪಿಸಿದಳು, ಗಡಿಯಾರ ಇಳಿಸಿದ್ದೂ ಸೇರಿ. ಅಕ್ಕ ಮೂಗಿನ ಮುಸುಕು ತೆಗೆದು, ನನ್ನನ್ನು ಹತ್ತಿರ ಕರೆದು, ಪೂಜೆಯ ತಟ್ಟೆಯಿಂದ ಮೂರು ಬೆರಳಲ್ಲಿ ವಿಭೂತಿ ತೆಗೆದು ನನ್ನ ಹಣೆಗೆ ಎಳೆದರು.

“ಇನ್ನ ಮುಂದ ಇಲ್ಲಿ ಹಚ್ಚಿಕೋರಿ ಅಳಿಯಾರ. ಇಲ್ಲಿ ಹೆಂಗೂ ಕರೆಂಟ್ ಹರಿಯೂದಿಲ್ಲ, ಏನೂ ಲುಕ್ಸಾನಿಲ್ಲ.”

ಆಮೇಲೆ ಇಳಿದು, ಬುಟ್ಟಿಯನ್ನು ತಂಗಿಯ ಸೊಂಟಕ್ಕೆ ಕೊಟ್ಟು, ತಾವು ಅದರಿಂದ ಚರಗ ತೆಗೆದು ಚೆಲ್ಲುತ್ತ ಜೋಳದ ಸಾಲಿನಲ್ಲಿ ನಡೆದರು. ಮೊದಲ ಕೂಗು ನಮಗಷ್ಟೇ ಕೇಳಿಸಿತು. ಎರಡನೆಯದು ಪಕ್ಕದ ಹೊಲದವರು ತಿರುಗಿ ನೋಡುವಂತಿತ್ತು. ಮೂರನೆಯ ಕೂಗಿಗೆ ಬದುವಿನ ಜಾಲಿಗಿಡದಿಂದ ನಾಲ್ಕು ಗಿಳಿ ಎದ್ದವು. ನಾಲ್ಕೇ. ನನ್ನ ಹೆಂಡತಿ ಬುಟ್ಟಿ ಹಿಡಿದುಕೊಂಡೇ ಬಿಕ್ಕಿ ಬಿಕ್ಕಿ ಅತ್ತಳು. ಅಕ್ಕ ತಿರುಗಿ, “ಏ ಹುಚ್ಚಿ, ಕಡಬಿನ್ಯಾಗ ಉಪ್ಪು ಹೆಚ್ಚಾದೀತು” ಅಂದರು.

ಮಧ್ಯಾಹ್ನ ಇನ್ನೊಮ್ಮೆ ಮಷೀನು ಹಚ್ಚಿದೆವು, ನಡೆಯಿತು. ಹೊತ್ತು ಇಳಿಯುವ ಮುಂಚೆ ಲಿಂಗಸುಗೂರಿಗೆ ಬಂದು ಅಕ್ಕನ ಮನೆಯ ಮುಂದೆ ಗಾಡಿ ನಿಲ್ಲಿಸಿದೆ. ಬಾಗಿಲು ತೆಗೆದು, ಕೈ ಕೊಟ್ಟು, “ಇಳೀರಿ ಅಕ್ಕಾರ, ಮನಿ ಬಂತು” ಅಂದೆ. ಅಕ್ಕ ಮಂಚದ ಮೇಲೆ ಇನ್ನಷ್ಟು ಹಿಂದಕ್ಕೆ ಸರಿದು, ಗೋಡೆಗೆ ಒರಗಿ, ಕಾಲು ಚಾಚಿ, ಮಡಿಲಲ್ಲಿದ್ದ ಸ್ವಿಚ್ ಬೋರ್ಡನ್ನು ನನ್ನ ಕೈಗಿಟ್ಟರು.

“ಇದನ್ನ ಒಳಗ ಇಟ್ಟು, ಕೀಲಿ ಹಾಕಿ ಬರ್ರಿ” ಅಂದರು.

“ಮತ್ತ ನೀವು?”

“ಪ್ಲಗ್ ಎಲ್ಲೈತಿ, ಅಲ್ಲೇ ನಮ್ಮೂರು” ಅಂದರು. “ಸಿಂಧನೂರು ನೋಡಿ ನಾಲ್ಕು ವರ್ಷಾತು. ಗಾಡಿ ತಿರುಗಿಸ್ರಿ.”